ಬಾವಿಗೆ ಬಾರದ ಆರ್ಡರ್

ಆಗೆಲ್ಲ ನಮ್ಮೂರಿಗೆ ಹೊಸ ಮೇಷ್ಟ್ರು ಬಸ್ಸಿಳಿದರೆ, ಅವರು ಎಷ್ಟು ದಿನ ತಡೆದಾರು ಎಂದು ಅರಳಿಕಟ್ಟೆಯಲ್ಲಿ ಪಂದ್ಯ ಕಟ್ಟುತ್ತಿದ್ದರು. ಸೋತವನು ಗೆದ್ದವನಿಗೆ ಒಂದು ಕಟ್ಟು ಬೀಡಿ ಕೊಡಬೇಕು. ನಿಮ್ಮ ಊರುಗಳಲ್ಲಿ ಮೇಷ್ಟ್ರಿಗೆ ಹಾರ ಹಾಕಿ ಪಾನಕ ಕೊಟ್ಟಿರಬಹುದು. ಚಿಕ್ಕಂದಿನ ಶಾಲೆ ನೆನೆದರೆ ನಿಮಗೆ ಎದೆ ತುಂಬಿ ಬರಬಹುದು. ನನಗೆ ಬರುವುದು ಸಿಟ್ಟು.

ನಾನು ನಾಲ್ಕನೇ ಕ್ಲಾಸಿಗೆ ಬರುವುದರೊಳಗೆ ಹಾಗೆ ನಾಲ್ಕು ಜನ ಬಂದು ಹೋಗಿದ್ದರು. ಅವರು ಬಂದ ದಿನ, ಹೋದ ದಿನ ಎರಡನ್ನೂ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿ ಬರೆದಿಡುವುದು ನನ್ನ ಅಭ್ಯಾಸವಾಗಿತ್ತು. ಅಪ್ಪ ಬಂಗಾರಪೇಟೆಯ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊರುತ್ತಿದ್ದರು. ವಾರಕ್ಕೊಮ್ಮೆ ಊರಿಗೆ ಬರುವಾಗ ಆ ಹಾಳೆಗಳನ್ನು ಸುರುಳಿ ಸುತ್ತಿ ತರುತ್ತಿದ್ದರು. ಮಳೆ ಬಿದ್ದದ್ದು, ಎಮ್ಮೆ ಕರು ಹಾಕಿದ್ದು, ಬಸ್ಸು ಬಾರದೇ ಹೋದದ್ದು ಎಲ್ಲವನ್ನೂ ಬರೆಯುತ್ತಿದ್ದೆ. ಹಾಳೆಗಳನ್ನು ಆಮೇಲೆ ಇಲಿ ತಿಂದವು. ಸಿಟ್ಟನ್ನು ತಿನ್ನಲಿಲ್ಲ.

ನಮ್ಮೂರು ಬೇತಮಂಗಲದ ಕೆರೆಯಿಂದ ಚಿನ್ನದ ಗಣಿಯ ಕಡೆ ಹೋಗುವ ದಾರಿಯಲ್ಲಿತ್ತು. ಕೆರೆಯ ನೀರನ್ನು ಗಣಿಗೆ ಒಯ್ಯುವ ದಪ್ಪ ಕಬ್ಬಿಣದ ಪೈಪು ನಮ್ಮ ಹೊಲದಂಚಿನಲ್ಲಿ ಹಾದುಹೋಗುತ್ತಿತ್ತು. ಬೇಸಿಗೆಯ ಬೆಳಿಗ್ಗೆ ಅದಕ್ಕೆ ಕೆನ್ನೆ ಒತ್ತಿದರೆ ತಣ್ಣಗಿರುತ್ತಿತ್ತು. ಕಿವಿಯಿಟ್ಟರೆ ಒಳಗೆ ನೀರು ಗುಂಯ್ ಎನ್ನುತ್ತಾ ಓಡುವುದು ಕೇಳುತ್ತಿತ್ತು. ಅದರ ಮೇಲೆ ಕೈ ಚಾಚಿಕೊಂಡು ಬೀಳದೆ ನಡೆಯುವುದು ನಮ್ಮ ಆಟ. ದೂರದಲ್ಲಿ ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ದಿಬ್ಬಗಳು ಬೆಳ್ಳಗೆ ಕಾಣುತ್ತಿದ್ದವು. ಪೈಪಿನ ನೀರಿನಲ್ಲಿ ಒಂದು ಹನಿಯೂ ನಮಗೆ ಇಳಿಯುತ್ತಿರಲಿಲ್ಲ. ಊರಿನೊಳಗೆ ಸಿಹಿನೀರು ಇದ್ದದ್ದು ನಮ್ಮ ಮನೆ ಮುಂದಿನ ಬಾವಿಯಲ್ಲಿ ಮಾತ್ರ. ತಾತ ತೋಡಿಸಿದ್ದು. ತಾತ ತೀರಿಕೊಂಡ ಮೇಲೆ ಅದರ ಯಜಮಾನಿಕೆ ಅಜ್ಜಿಯದಾಗಿತ್ತು. ಯಾರು ತಾವೇ ಸೇದಬಹುದು, ಯಾರು ದೂರ ನಿಂತು ಬೊಗಸೆಗೆ ಹುಯ್ಯಿಸಿಕೊಳ್ಳಬೇಕು ಎಂಬುದನ್ನು ಅಜ್ಜಿ ಜಗುಲಿಯ ಮೇಲೆ ಕುಳಿತೇ ತೀರ್ಮಾನಿಸುತ್ತಿದ್ದಳು.

ಶಾಲೆಯ ಯಜಮಾನಿಕೆ ವೆಂಕಟರಾಮಪ್ಪ ಮೇಷ್ಟ್ರದು. ಹೆಡ್‌ಮಾಸ್ಟರು. ಶಾಲೆಯ ಪಕ್ಕದಲ್ಲೇ ಅವರ ತೋಟ. ಬದನೆ, ಟೊಮೇಟೊ ಗಿಡಗಳಿಗೆ ನೀರು ಕಟ್ಟಿ, ಕೈಕಾಲು ತೊಳೆದು, ಅವರು ಬೀಗದ ಕೈ ತಂದಾಗ ಶಾಲೆ ತೆರೆಯುತ್ತಿತ್ತು. ಹೊಸದಾಗಿ ಬಂದವರಿಗೆ ಆ ಬೀಗದ ಕೈ ಕೊಡುತ್ತಿರಲಿಲ್ಲ. ಒಂದರಿಂದ ಮೂರನೇ ಕ್ಲಾಸಿನವರೆಗೆ ಎಲ್ಲ ಮಕ್ಕಳನ್ನೂ ಅವರಿಗೆ ಕಟ್ಟಿ, ನಾಲ್ಕನೇ ಕ್ಲಾಸಿನ ನಮ್ಮ ಐದಾರು ಜನರನ್ನು ತಾವು ಇಟ್ಟುಕೊಂಡು ತೋಟಕ್ಕೆ ಕರೆದೊಯ್ಯುತ್ತಿದ್ದರು. ನಾವು ಕಳೆ ಕೀಳುತ್ತಾ ಮಗ್ಗಿ ಹೇಳಬೇಕು. ಹೊಸಬರನ್ನು ಹೀಗೆ ಪಳಗಿಸಬೇಕು ಎಂದು ಅವರು ಅಜ್ಜಿಯ ಮುಂದೆ ಎಲೆಯಡಿಕೆ ಹಾಕಿಕೊಳ್ಳುತ್ತಾ ಹೇಳುವುದನ್ನು ನಾನೇ ಕೇಳಿದ್ದೇನೆ.

ಅಜ್ಜಿ ನನ್ನ ಓದಿಗೆ ಒಂದು ಷರತ್ತು ಹಾಕಿದ್ದಳು. ನಾನು ದೊಡ್ಡವಳಾಗುತ್ತಿದ್ದೆ. "ಗಂಡು ಮೇಷ್ಟ್ರ ಅತ್ರ ನಾಲ್ಕನೇದ್ರಿಂದ ಆಚೆ ಕಳ್ಸಕ್ಕಾಗಕಿಲ್ಲ. ಎಣ್ಣು ಮೇಷ್ಟ್ರು ಬಂದ್ರೆ ಸರಿ, ಇಲ್ದಿದ್ರೆ ಎಮ್ಮೆ ಒಡ್ಕೊಂಡು ಓಗ್ಲಿ" ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದಳು. ಹೆಂಗಸು ಮೇಷ್ಟ್ರು ಈ ಊರಿಗೆ ಎಲ್ಲಿಂದ ಬರಬೇಕು ಎಂಬ ಧೈರ್ಯ ಅವಳಿಗೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಸೋಮವಾರ ಮರಗದಂ ಟೀಚರ್ ಬಂದರು.

ಗಣಿಯ ಕೂಲಿಗಳಿಗೆ ಸಾಲಾಗಿ ಕಟ್ಟಿದ ಲೈನು ಮನೆಗಳಲ್ಲಿ ಹುಟ್ಟಿ ಬೆಳೆದವರು. ಅವರಪ್ಪ ಗಣಿಯೊಳಗೆ ಇಳಿದು ಕೆಲಸ ಮಾಡುವವರು. ಮನೆಮಾತು ತಮಿಳು. ಕನ್ನಡವನ್ನು ಶಾಲೆಯಲ್ಲಿ ಕಲಿತು, ಟ್ರೈನಿಂಗ್ ಮುಗಿಸಿ, ಮೊದಲನೇ ನೌಕರಿಗೆ ನಮ್ಮೂರಿಗೆ ಬಂದಿದ್ದರು. ಇಪ್ಪತ್ತು ದಾಟಿತ್ತೋ ಇಲ್ಲವೋ. ಕೈಮಗ್ಗದ ನೀಲಿ ಸೀರೆ, ಎಣ್ಣೆ ಹಚ್ಚಿ ಬಿಗಿದ ಜಡೆ, ಬಗಲಲ್ಲಿ ಸುತ್ತಿದ ಚಾರ್ಟುಗಳು. ಮಕ್ಕಳನ್ನು ತಮಿಳಿನ ಮುದ್ದುಮಾತಿನಲ್ಲಿ 'ಕಣ್ಣು' ಎಂದು ಕರೆಯುತ್ತಿದ್ದರು. ಹುಡುಗರು ಅದನ್ನೇ ಹಿಡಿದು ಅವರ ಬೆನ್ನ ಹಿಂದೆ "ಕಣ್ಣೂ, ಕಣ್ಣೂ" ಎಂದು ಕೂಗಿ ಓಡುತ್ತಿದ್ದರು.

ಹೊಸ ಟೀಚರು ಹಳ್ಳಿಯಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಟ್ರೈನಿಂಗ್‌ನಲ್ಲಿ ಒಂದು ಪಾಠವಿತ್ತಂತೆ. ಆಮೇಲೆ ಅವರೇ ನನಗೆ ಹೇಳಿದರು. ಮೊದಲ ದಿನವೇ ಊರಿನ ಹಿರಿಯರ ಮನೆಗೆ ಹೋಗಬೇಕು, ಜಗುಲಿಯಲ್ಲಿ ಕುಳಿತು ಒಂದು ಲೋಟ ನೀರು ಕೇಳಿ ಕುಡಿಯಬೇಕು, ಆಗ ಊರಿನವರಿಗೆ ಇವರು ನಮ್ಮವರು ಎನ್ನಿಸುತ್ತದೆ. ಆ ಪಾಠ ಬರೆದವರು ಯಾವ ಊರಿನಲ್ಲಿ ನೀರು ಕೇಳಿದ್ದರೋ ಕಾಣೆ. ಟೀಚರು ಅದನ್ನು ಅಕ್ಷರಶಃ ಪಾಲಿಸಿದರು. ಬಸ್ಸಿಳಿದು ನೇರ ನಮ್ಮ ಮನೆಗೆ ಬಂದು, ಜಗುಲಿಯ ಅಂಚಿನಲ್ಲಿ ಕುಳಿತು, "ಅಜ್ಜಿ, ಕುಡಿಯಲು ಸ್ವಲ್ಪ ನೀರು ಕೊಡುತ್ತೀರಾ?" ಎಂದರು.

ಹುರುಳಿ ಬೇಯುವ ವಾಸನೆ ಬೀದಿಯವರೆಗೂ ಬಂದಿತ್ತು. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಯಾವ ಜನ?"

"ಟೀಚರ್ ಜನ, ಅಜ್ಜಿ."

"ಅಂಗೊಂದು ಜನ ಈ ಸೀಮೇಲಿ ನಾನ್ ಕೇಳಿಲ್ಲ. ಅಪ್ಪ ಎಲ್ಲವ್ನೆ?"

"ಗಣಿಯಲ್ಲಿ. ನಾವು ಲೈನಿನವರು."

ಅಜ್ಜಿ ಮೊರ ಕೆಳಗಿಟ್ಟಳು. ಅಮ್ಮ ಚೊಂಬಿನಲ್ಲಿ ನೀರು ತಂದು ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಅವಳ ಕಡೆ ನೋಡದೆಯೇ, "ಬೊಗಸೆಗೆ ಉಯ್ಯಿ. ಅಂಗಳಕ್ಕೆ ಇಳ್ದು ಕುಡೀಲಿ" ಎಂದಳು.

ಟೀಚರ್ ಎದ್ದು ನಿಂತರು. ಚೊಂಬನ್ನೂ ಅಮ್ಮನ ಮುಖವನ್ನೂ ನೋಡಿದರು. "ಬೇಡಮ್ಮ, ಬಾಯಾರಿಕೆ ಹೋಯಿತು" ಎಂದು ಚಾರ್ಟುಗಳನ್ನು ಎತ್ತಿಕೊಂಡು ಹೊರಟರು.

"ನಮ್ ಕೆರೆ ನೀರು ಕುಡ್ದು ಬೆಳ್ದು, ನಮ್ಗೇ ಪಾಠ ಏಳಾಕ್ ಬಂದವ್ಳೆ" ಎಂದು ಅಜ್ಜಿ ಬೀದಿಗೆಲ್ಲ ಕೇಳುವಂತೆ ಹೇಳಿದಳು. "ಶಾಲೆಗೆ ಸರ್ಕಾರದ ಆರ್ಡರ್ ತಂದವ್ಳೆ, ಸರಿ. ನಮ್ ಬಾವೀಗೂ ಆರ್ಡರ್ ತಂದವ್ಳಾ?"

ಬಾಡಿಗೆಗೆ ಯಾರೂ ಮನೆ ಕೊಡಲಿಲ್ಲ. ಟೀಚರ್ ದಿನವೂ ಬೆಳಗಿನ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಮರುದಿನದಿಂದ ಅವರ ಚೀಲದಲ್ಲಿ ಒಂದು ದೊಡ್ಡ ಗಾಜಿನ ಬಾಟಲಿ ಇರುತ್ತಿತ್ತು. ಔಷಧಿಯ ಬಾಟಲಿ, ಮೈಮೇಲೆ ಅಳತೆಯ ಗೆರೆಗಳು. ಅದರ ತುಂಬ ಲೈನಿನ ನಲ್ಲಿಯ ನೀರು. ನಮ್ಮೂರನ್ನು ದಾಟಿ ಪೈಪಿನಲ್ಲಿ ಗಣಿಗೆ ಹೋದ ನೀರು ಬಾಟಲಿಯಲ್ಲಿ ಬಸ್ಸು ಹತ್ತಿ ವಾಪಸು ನಮ್ಮೂರಿಗೆ ಬರುತ್ತಿತ್ತು. ಇದು ನನಗೆ ಆಗಲೇ ಹೊಳೆದಿತ್ತು. ಅಜ್ಜಿಗೆ ಹೇಳಿದೆ. "ನಾಲ್ಗೆ ಜಾಸ್ತಿ ಆಯ್ತು ನಿಂಗೆ" ಎಂದು ತೊಡೆ ಚಿವುಟಿದಳು.

ಬೀಗದ ಕೈ ಬರುವುದು ತಡವಾಗುತ್ತಿದ್ದುದರಿಂದ ಟೀಚರ್ ಶಾಲೆಯ ಮುಂದಿನ ಹೊಂಗೆ ಮರದ ಕೆಳಗೇ ಪಾಠ ಶುರು ಮಾಡುತ್ತಿದ್ದರು. ಹೊಂಗೆ ಬೀಜ ಜೋಡಿಸಿ ಕೂಡುವುದು, ಕಳೆಯುವುದು. ಬಾಟಲಿಯ ಗೆರೆಗಳಲ್ಲಿ ಅರ್ಧ, ಕಾಲು, ಮುಕ್ಕಾಲು. ಕುಂಟೆಬಿಲ್ಲೆಯ ಮನೆಗಳೊಳಗೆ ಅಕ್ಷರ ಬರೆದು, ಕುಂಟುತ್ತಾ ಹೋಗಿ ಓದಬೇಕು. ಸಣ್ಣ ಮಕ್ಕಳು ಮೊದಲ ಬಸ್ಸಿನ ಸದ್ದಿಗೇ ಮರದ ಕೆಳಗೆ ಬಂದು ಕೂರತೊಡಗಿದವು. ಪಾಠ ಮುಗಿಯುವ ಹೊತ್ತಿಗೆ ವೆಂಕಟರಾಮಪ್ಪ ಮೇಷ್ಟ್ರು ಕೆಸರುಗಾಲಲ್ಲಿ ಬೀಗದ ಕೈ ಆಡಿಸಿಕೊಂಡು ಬರುತ್ತಿದ್ದರು. ಒಂದು ದಿನ ಒಂದನೇ ಕ್ಲಾಸಿನ ಹುಡುಗನೊಬ್ಬ, "ಸಾ, ಇವತ್ತೂ ಲೇಟಾ?" ಎಂದುಬಿಟ್ಟ. ಅವನಿಗೆ ಹುಣಸೆ ಬರಲಿನ ಏಟು ಬಿತ್ತು. ಮೇಷ್ಟ್ರ ಹಗೆ ಆವತ್ತಿನಿಂದ ಶುರುವಾಯಿತು ಎಂದು ನನ್ನ ಲೆಕ್ಕ.

ನಾಲ್ಕನೇ ಕ್ಲಾಸು ಅವರದಲ್ಲದಿದ್ದರೂ ಸಂಜೆ ಬಸ್ಸು ಬರುವವರೆಗೆ ಟೀಚರ್ ನನಗೆ ಪರೀಕ್ಷೆಯ ಲೆಕ್ಕ ಹೇಳಿಕೊಡುತ್ತಿದ್ದರು. ಗಣಿಯ ಬೇಕರಿಯ ಬನ್ನು ತಂದು ಮುರಿದು ಕೊಡುತ್ತಿದ್ದರು. ಒಳಗೆ ಒಂದೇ ಒಂದು ಒಣದ್ರಾಕ್ಷಿ ಇರುತ್ತಿತ್ತು, ಅದು ಸದಾ ನನ್ನ ತುಂಡಿಗೇ ಬರುತ್ತಿತ್ತು.

"ಪರೀಕ್ಷೆ ಆದ ಮೇಲೆ ಬೇತಮಂಗಲದ ಮಿಡ್ಲ್‌ಸ್ಕೂಲಿಗೆ ನಾನೇ ಕರೆದುಕೊಂಡು ಹೋಗಿ ಸೇರಿಸುತ್ತೇನೆ, ಸಾಕಮ್ಮ. ಅಜ್ಜಿ ಒಪ್ಪುತ್ತಾರಾ?"

"ನೀವಿದ್ರೆ ಒಪ್ಪಲೇಬೇಕು ಟೀಚರ್. ಎಣ್ಣು ಮೇಷ್ಟ್ರು ಬಂದ್ರೆ ಓದ್ಸ್ತೀನಿ ಅಂತ ಅಜ್ಜೀನೇ ಏಳೈತೆ."

ಟೀಚರ್ ನಕ್ಕರು. "ಆದರೆ ನಾನು ಇರುವುದು ಹೇಗೆ? ಇನ್‌ಸ್ಪೆಕ್ಟರು ನನ್ನ ಪಾಠ ನೋಡಲು ಬರುತ್ತಾರೆ. ಸರಿ ಎಂದು ಬರೆದರೆ ಇಲ್ಲೇ ಇರುತ್ತೇನೆ. ಇಲ್ಲವಾದರೆ ಎಲ್ಲಿಗೆ ಎಸೆಯುತ್ತಾರೋ."

ಇನ್‌ಸ್ಪೆಕ್ಟರು ಬರುವ ಸುದ್ದಿ ಮೇಷ್ಟ್ರಿಗೂ ತಲುಪಿತ್ತು. ಅವರು ನಮ್ಮ ಜಗುಲಿಗೆ ಬಂದರು. ಎಲೆಗೆ ಸುಣ್ಣ ಹಚ್ಚುತ್ತಾ ಬಾಟಲಿಯ ಮಾತು ತೆಗೆದರು.

"ನೀರಲ್ಲ ಕಣಮ್ಮ ಅದು, ಔಷಧಿ. ಗಣಿ ಜನಕ್ಕೆ ಎದೆ ರೋಗ ಇರ್ತದೆ, ಕೇಳಿದ್ದೀರಲ್ಲ. ಗಂಟೆಗೊಂದು ಗುಟುಕು ಕುಡೀತಾಳೆ. ಮಕ್ಕಳ ಮಧ್ಯೆ ಕೂತು ಕುಡೀತಾಳೆ."

"ಅಯ್ಯೋ, ಗೆರೆ ಇರೋ ಬಾಟ್ಲು. ನಾನೂ ನೋಡಿವ್ನಿ" ಎಂದಳು ಅಜ್ಜಿ.

"ನನಗ್ಯಾಕೆ ಬಿಡಿ. ನಿಮ್ಮ ಮಕ್ಕಳು, ನಿಮ್ಮಿಷ್ಟ. ಗುರುವಾರ ಒಂದಿನ ಮನೇಲಿ ಇಟ್ಕೊಂಡ್ರೆ ಒಳ್ಳೇದು ಅಂತ ಹೇಳ್ದೆ."

ಗುರುವಾರ ಇನ್‌ಸ್ಪೆಕ್ಟರು ಬರುವ ದಿನ.

ಬಾಟಲಿಯಲ್ಲಿ ನೀರೇ ಇರುವುದೆಂದು ನಾನು ಕೂಗಿ ಹೇಳಿದೆ. ನಾನು ಅದನ್ನು ಕುಡಿದಿದ್ದೆ, ಅದನ್ನೂ ಹೇಳಿದೆ. ಆ ರಾತ್ರಿ ಅಜ್ಜಿ ನನ್ನನ್ನು ಒಲೆ ಮುಂದೆ ಕೂರಿಸಿ ಬೇವಿನ ಕಷಾಯ ಕುಡಿಸಿದಳು. ವಾಂತಿಯಾಗುವವರೆಗೂ ಬಿಡಲಿಲ್ಲ.

ಗುರುವಾರ ಬಸ್ಸು ಬಂದಾಗ ಹೊಂಗೆ ಮರದ ಕೆಳಗೆ ನಾನು, ಎರಡನೇ ಕ್ಲಾಸಿನ ನನ್ನ ತಮ್ಮ ಬಿಟ್ಟರೆ ಯಾರೂ ಇರಲಿಲ್ಲ. ಬೀದಿಯುದ್ದಕ್ಕೂ ಬಾಗಿಲುಗಳು ಮುಚ್ಚಿದ್ದವು, ಒಳಗೆ ಮಕ್ಕಳ ಗದ್ದಲ ಕೇಳುತ್ತಿತ್ತು. ನಾನು ಎಮ್ಮೆ ಬಿಡುತ್ತೇನೆಂದು ಹಿತ್ತಲಿಗೆ ಹೋಗಿ, ಪೈಪಿನ ಮೇಲೆ ನಡೆದುಕೊಂಡು, ತಮ್ಮನನ್ನೂ ಎಳೆದುಕೊಂಡು ಬಂದಿದ್ದೆ. ಟೀಚರ್ ನಮ್ಮಿಬ್ಬರನ್ನು ನೋಡಿದರು, ಬೀದಿಯನ್ನು ನೋಡಿದರು. ಆಮೇಲೆ ಚಾರ್ಟನ್ನು ಮರಕ್ಕೆ ತೂಗುಹಾಕಿದರು.

ಇನ್‌ಸ್ಪೆಕ್ಟರು ಬೇತಮಂಗಲದಿಂದ ಸೈಕಲ್ ತುಳಿದುಕೊಂಡು ಬಂದರು. ವಯಸ್ಸಾದವರು, ಕೋಟು ಬೆವರಿಗೆ ಒದ್ದೆಯಾಗಿತ್ತು. ಮೇಷ್ಟ್ರು ಆವತ್ತು ಮಾತ್ರ ಹೊತ್ತಿಗೆ ಸರಿಯಾಗಿ ಬೀಗ ತೆಗೆದು ಮರದ ಕೆಳಗೆ ಮೇಜು, ಕುರ್ಚಿ ಹಾಕಿದ್ದರು.

"ಮಕ್ಕಳೆಲ್ಲಿ?"

"ಏನು ಮಾಡೋದು ಸಾರ್. ಈಯಮ್ಮ ಬಂದ ಮೇಲೆ ಯಾರೂ ಬರ್ತಾ ಇಲ್ಲ" ಎಂದರು ಮೇಷ್ಟ್ರು.

ಟೀಚರ್ ಪಾಠ ಶುರು ಮಾಡಲೇ ಎಂದು ಕೇಳಿದರು. ಪಾಠದ ಹೆಸರು 'ನೀರಿನ ದಾರಿ'. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಕೆರೆ ಬರೆದರು, ಪಂಪ್‌ಹೌಸ್ ಬರೆದರು, ಉದ್ದಕ್ಕೆ ಪೈಪು, ನಡುವೆ ನಮ್ಮೂರು, ಕೊನೆಗೆ ಲೈನು ಮನೆಗಳ ನಲ್ಲಿ. ತಮ್ಮ ನೀರಿನ ಹಾಗೆ ಗುಂಯ್ ಎನ್ನುತ್ತಾ ಆ ಗೆರೆಯ ಮೇಲೆ ಓಡಿದ. ನಾನು ದಾರಿಯ ಒಂದೊಂದು ಊರಿನ ಹೆಸರನ್ನೂ ಹೇಳಿದೆ. ಇಡೀ ಕ್ಲಾಸು ಎದುರಿಗಿದೆ ಎನ್ನುವಂತೆ ಟೀಚರ್ ಪಾಠ ಮಾಡಿದರು. ಎಡಕ್ಕೆ ತಿರುಗಿ ಕೇಳಿದರು, ಬಲಕ್ಕೆ ತಿರುಗಿ ಕೇಳಿದರು, ಖಾಲಿ ಸಾಲುಗಳಿಗೂ ಯೋಚಿಸಲು ಹೊತ್ತು ಕೊಟ್ಟರು.

ಪಾಠ ಮುಗಿದಾಗ ಇನ್‌ಸ್ಪೆಕ್ಟರು ಹಣೆ ಒರೆಸಿಕೊಂಡು, ಮೇಜಿನ ಮೇಲಿದ್ದ ಬಾಟಲಿ ಎತ್ತಿ ಗಟಗಟ ಕುಡಿದರು. ಮೇಷ್ಟ್ರು ಎದ್ದೇ ನಿಂತರು.

"ಸಾರ್, ನಮ್ಮನೆಯಿಂದ ತರಿಸ್ತಿದ್ದೆ..."

"ನೀರು ಚೆನ್ನಾಗಿದೆ. ಎಲ್ಲೀದು?"

"ಬೇತಮಂಗಲದ್ದು ಸಾರ್" ಎಂದರು ಟೀಚರ್. "ನಮ್ಮ ಮನೆ ನಲ್ಲಿಯಿಂದ ತಂದೆ."

"ಇಲ್ಲೇ ಬಾವಿ ಇದೆಯಲ್ಲಮ್ಮ. ಅಷ್ಟು ದೂರದಿಂದ ಯಾಕೆ ಹೊರುತ್ತೀ?"

"ಬಾವಿಗೆ ಇನ್ನೂ ಆರ್ಡರ್ ಬಂದಿಲ್ಲ ಸಾರ್."

ಇನ್‌ಸ್ಪೆಕ್ಟರು ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟರು. ಟೀಚರ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಅದನ್ನು ನಾನು ಕಣ್ಣಾರೆ ಕಂಡೆ, ಆದ್ದರಿಂದಲೇ ಅವರನ್ನು ಕ್ಷಮಿಸಲಾರೆ. ಅಜ್ಜಿಗೆ ಗೊತ್ತಿದ್ದದ್ದು ಅಷ್ಟೇ. ಮೇಷ್ಟ್ರಿಗೆ ತೋಟದ ಚಿಂತೆ. ಈ ಮನುಷ್ಯ ತಿಳಿದವರು, ಆ ನೀರನ್ನೂ ಕುಡಿದವರು.

"ಪಾಠ ಬಹಳ ಚೆನ್ನಾಗಿತ್ತು" ಎಂದರು. "ಆದರೆ ಮೊದಲನೇ ನೌಕರಿ ನೋಡಮ್ಮ. ಹೊಂದಿಕೊಂಡು ಹೋಗಬೇಕು. ಊರಿನವರ ಸಹಕಾರ ಇಲ್ಲದೆ ಶಾಲೆ ನಡೆಯುತ್ತದಾ? ನಿನಗೆ ಅನುಕೂಲವಾಗುವ ಕಡೆ ಹಾಕಿಸುತ್ತೇನೆ."

"ಇಲ್ಲೇ ಇರುತ್ತೇನೆ ಸಾರ್. ಪರೀಕ್ಷೆ ಮುಗಿಯುವವರೆಗಾದರೂ. ಈ ಹುಡುಗಿಯನ್ನು ಮಿಡ್ಲ್‌ಸ್ಕೂಲಿಗೆ ಸೇರಿಸಬೇಕು."

"ನೋಡೋಣ, ನೋಡೋಣ" ಎಂದು ಸೈಕಲ್ ಹತ್ತಿದರು.

ಬಾವಿಗೆ ಬಾರದ ಆರ್ಡರ್ ಟೀಚರಿಗೆ ಬೇಗನೆ ಬಂತು. ಅನುಕೂಲದ ಊರು ಎಂದರೆ ಕಾಮಸಮುದ್ರದ ಆಚೆ, ಆಂಧ್ರದ ಗಡಿಗೆ ಅಂಟಿದ ಹಳ್ಳಿ. ಯುಗಾದಿ ಆಗಿ ಬಿಸಿಲು ಬಲಿತಿತ್ತು, ಪರೀಕ್ಷೆ ಹತ್ತಿರದಲ್ಲೇ ಇತ್ತು. ಕೊನೆಯ ದಿನ ಟೀಚರ್ ಚಾರ್ಟುಗಳನ್ನು ನನಗೆ ಕೊಟ್ಟು, ಲೆಕ್ಕಗಳನ್ನು ದಿನವೂ ಮಾಡು ಎಂದು ಹೇಳಿ, ಸಂಜೆಯ ಬಸ್ಸಿಗೆ ಹೊರಟರು. ಅರಳಿಕಟ್ಟೆಯಲ್ಲಿ ಬೀಡಿಯ ಕಟ್ಟು ಕೈ ಬದಲಾಯಿತು. ಹೆಂಗಸರೆಲ್ಲ ನೀರಿಗೆ ಬಂದಿದ್ದ ಹೊತ್ತು.

ಟೀಚರ್ ನೇರ ಬಸ್ಸಿನ ಕಡೆ ಹೋಗಲಿಲ್ಲ. ನಮ್ಮ ಬಾವಿಯ ಕಟ್ಟೆ ಹತ್ತಿದರು. ಅಮ್ಮನ ಕೈಯಲ್ಲಿದ್ದ ಹಗ್ಗ ತೆಗೆದುಕೊಂಡರು, ಅಮ್ಮ ಬಿಟ್ಟುಕೊಟ್ಟಳು. ಕೊಡ ಇಳಿಸಿ, ನಿಧಾನವಾಗಿ ಸೇದಿ, ಬೊಗಸೆ ತುಂಬ ತೆಗೆದುಕೊಂಡು ಕುಡಿದರು. ಮತ್ತೊಂದು ಬೊಗಸೆ ಕುಡಿದರು. ಮುಖ ತೊಳೆದುಕೊಂಡರು. ಜಗುಲಿಯ ಮೇಲಿದ್ದ ಅಜ್ಜಿಯ ಕಡೆ ತಿರುಗಿ, "ಅಜ್ಜಿ, ಉಪ್ಪು ಜಾಸ್ತಿ" ಎಂದರು. ಕೊಡವನ್ನು ಕಟ್ಟೆಯ ಮೇಲಿಟ್ಟು ಹೋಗಿ ಬಸ್ಸು ಹತ್ತಿದರು.

ಬಸ್ಸಿನ ಧೂಳು ಅಡಗುವ ಮೊದಲೇ ಊರು ನಮ್ಮ ಜಗುಲಿಗೆ ಸೇರಿತು. ಗುಡಿಯ ಪೂಜಾರಪ್ಪ, ಬಾವಿಯ ನೀರನ್ನೆಲ್ಲ ಎತ್ತಿ ಚೆಲ್ಲಿ ಶುದ್ಧಿ ಮಾಡಬೇಕು ಎಂದ. ಅಜ್ಜಿ ಎದ್ದು ಹೋಗಿ ಬಾವಿಯೊಳಗೆ ಬಗ್ಗಿ ನೋಡಿದಳು. ಆ ಬೇಸಿಗೆ ತಳದಲ್ಲಿ ಮೊಣಕಾಲುದ್ದ ನೀರಿತ್ತು, ಒರತೆ ದಾರದೆಳೆಯಷ್ಟು. ಚೆಲ್ಲಿದರೆ ಊರಿಗೆ ಕುಡಿಯಲು ಇಲ್ಲ. ಬಹಳ ಹೊತ್ತು ಬಗ್ಗಿಯೇ ಇದ್ದಳು. ವಾಪಸು ಬಂದು ಕುಳಿತಳು.

"ಕುಡಿದಿದ್ದು ಯಾರಾದ್ರೂ ಕಣ್ಣಾರೆ ನೋಡಿದ್ರಾ?"

ಒಬ್ಬಳು, "ನಾನ್ ಕೊಡ ತೊಳೀತಿದ್ದೆ" ಎಂದಳು. ಇನ್ನೊಬ್ಬಳು, "ನಾನ್ ಆ ಕಡೆ ತಿರುಗಿದ್ದೆ" ಎಂದಳು. ವೆಂಕಟರಾಮಪ್ಪ ಮೇಷ್ಟ್ರು ಕೆಮ್ಮಿ, "ನಾನು ಕನ್ನಡಕ ಹಾಕಿರಲಿಲ್ಲ" ಎಂದರು. ಪೂಜಾರಪ್ಪನಿಗೂ ಬಾಯಾರಿಕೆಯಿತ್ತು. "ಅಂಗಾದ್ರೆ ದೋಷ ಇಲ್ಲ" ಎಂದ.

"ನಾನ್ ನೋಡ್ದೆ" ಎಂದೆ. "ಎರಡು ಬೊಗಸೆ ಕುಡಿದ್ರು. ಎಲ್ರೂ ನೋಡಿದ್ರು. ನೀನೂ ನೋಡ್ದೆ ಅಜ್ಜಿ."

"ಉಡ್ಗೀಗೆ ಬಿಸ್ಲು ಒಡ್ದೈತೆ" ಎಂದಳು ಅಜ್ಜಿ ಊರಿಗೆ. ನನಗೆ ಮಾತ್ರ ಕೇಳುವಂತೆ, "ಓದು ಕಲ್ತು ಕಣ್ಣು ಜಾಸ್ತಿ ಕಾಣ್ತದೆ ನಿಂಗೆ. ನಾಳೆಯಿಂದ ಸಾಕು" ಎಂದಳು.

ಅವಳು ಮಾತಿಗೆ ತಪ್ಪಲಿಲ್ಲ. ನಾನು ಪರೀಕ್ಷೆಗೆ ಕೂರಲಿಲ್ಲ. ಊರು ಆ ಸಂಜೆಯೇ ಆ ಬಾವಿಯ ನೀರು ಸೇದಿ ಮುದ್ದೆ ತಿರುವಿತು. ಎರಡು ವರ್ಷ ನಾನು ಎಮ್ಮೆಗಳ ಹಿಂದೆ ತಿರುಗಿದೆ. ಪೈಪಿಗೆ ಕಿವಿಯಿಟ್ಟು, ಈ ನೀರು ಈಗ ಯಾರ ಮನೆ ನಲ್ಲಿಗೆ ಹೋಗುತ್ತಿದೆ ಎಂದು ಯೋಚಿಸುತ್ತಿದ್ದೆ. ಅಜ್ಜಿ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಬಂಗಾರಪೇಟೆಗೆ ಕರೆದೊಯ್ದು, ನನಗಿಂತ ಗಿಡ್ಡ ಹುಡುಗಿಯರ ಪಕ್ಕ ಕೂರಿಸಿದರು. ಮುಂದೆ ನಾನೂ ಟೀಚರಾದೆ. ಕಾಮಸಮುದ್ರದ ಕಡೆ ಹೋದಾಗಲೆಲ್ಲ ಮರಗದಂ ಟೀಚರ ಬಗ್ಗೆ ಕೇಳಿದೆ. ಒಂದು ವರ್ಷದೊಳಗೆ ನೌಕರಿ ಬಿಟ್ಟರಂತೆ. ಅದಕ್ಕಿಂತ ಹೆಚ್ಚು ಹೇಳುವವರು ಸಿಗಲಿಲ್ಲ.

ಈಚೆಗೆ ಒಂದು ಮದುವೆಗೆಂದು ಊರಿಗೆ ಹೋಗಿದ್ದೆ. ಬಾವಿಯನ್ನು ಮುಚ್ಚಿ ಮೇಲೆ ಬೈಕು ನಿಲ್ಲಿಸುತ್ತಾರೆ. ಶಾಲೆಯ ಹೊಸ ಟೀಚರು ಸ್ಕೂಟರಿನಲ್ಲಿ ಬಂದು ಹೋಗುತ್ತಾಳೆ, ಚೀಲದಲ್ಲಿ ಅವಳದೇ ಬಾಟಲಿ. ಅವಳಿಗೆ ನೀರು ಬೇಕಾ ಎಂದು ಕೇಳುವವರೂ ಇಲ್ಲ, ಬೇಡ ಎನ್ನುವವರೂ ಇಲ್ಲ. ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತಿದ್ದ ಮುದುಕ, ಆಗ ಬೀಡಿಯ ಪಂದ್ಯ ಗೆದ್ದವನು, ನನ್ನ ಗುರುತು ಹಿಡಿದ.

"ನಿಮ್ ಅಜ್ಜಿ ಬಾವಿ ನೀರು, ಏನ್ ರುಚಿ ಅಂತೀಯಮ್ಮ. ಊರಿಗೆಲ್ಲ ಕೊಟ್ಟ ಪುಣ್ಯಾತ್ಗಿತ್ತಿ."

"ಒಬ್ಬ ಟೀಚರು ತಾವೇ ಸೇದಿ ಕುಡಿದ್ರಲ್ಲ, ಮರಗದಂ ಅಂತ. ನೆನಪೈತಾ?"

ಮುದುಕ ಅನ್ನ ಕಲೆಸುತ್ತಿದ್ದ ಕೈ ನಿಲ್ಲಿಸಿದ. ನನ್ನನ್ನು ನೋಡಿದ, ಎಲೆಯನ್ನು ನೋಡಿಕೊಂಡ.

"ನಾನ್ ನೋಡಿಲ್ಲಮ್ಮ" ಎಂದ.